ಪಿರೊಯೆಟ್ ಕೈಕೊಟ್ಟಾಗ ಮೊದಲು ಏನು ನೋಡಬೇಕು

ನನ್ನ ಬ್ಯಾಲೆ ಕ್ಲಾಸಿನಲ್ಲಿ ಯಾರಾದರೂ ಪಿರೊಯೆಟ್, ಅಂದರೆ ಒಂಟಿಕಾಲಿನ ಸುತ್ತು, ಸುತ್ತುವಾಗ ಆಯ ತಪ್ಪಿದರೆ ನಾನು ಮೊದಲು ಹುಡುಕುವುದು ಸೀಮೆಸುಣ್ಣ. ಎತ್ತಿದ ಕಾಲು ಎಲ್ಲಿ ಬಂದು ನೆಲಕ್ಕೆ ತಗುಲಿತೋ ಅಲ್ಲೊಂದು ಗೆರೆ ಎಳೆದು, ಆಗ ಮುಖ ಯಾವ ಕಡೆ ಇತ್ತೋ ಆ ಕಡೆಗೆ ಒಂದು ಬಾಣ ಹಾಕುತ್ತೇನೆ. ಹತ್ತು ಸಲ ಸುತ್ತಿಸಿ ಹತ್ತು ಗೆರೆ. ಮಾತು ಆಮೇಲೆ. ಮುಂಚೆ ನಾನೂ "ಬೆನ್ನು ನೇರ ಮಾಡು", "ಹೊಟ್ಟೆ ಒಳಗೆ ಎಳ್ಕೋ", "ಇನ್ನೂ ಜೋರಾಗಿ ಸುತ್ತು" ಅಂತ ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದವಳೇ. ಮೂರೂ ಒಟ್ಟಿಗೆ ಹೇಳಿದರೆ ಮಕ್ಕಳು ಮೂರನ್ನೂ ಒಟ್ಟಿಗೆ ಬದಲಾಯಿಸುತ್ತಾರೆ. ಸುತ್ತು ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ, ಮುಂದಿನ ವಾರ ಮತ್ತೆ ಕೆಡುತ್ತದೆ. ಮೋಟರ್ ರಿಪೇರಿಯವನು ಸ್ವಿಚ್ಚು, ವೈರು, ಕೆಪಾಸಿಟರ್ ಮೂರನ್ನೂ ಒಂದೇ ಏಟಿಗೆ ಬದಲಾಯಿಸಿ ಬಿಲ್ ಕೈಗಿಟ್ಟ ಹಾಗೆ.

ಕ್ಲಾಸ್ ಇರುವುದು ಮೈಸೂರಿನ ಸರಸ್ವತೀಪುರಂನಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಹಾಲ್‌ನಲ್ಲಿ. ವಾರಕ್ಕೆ ಎರಡು ಸಂಜೆ ಬ್ಯಾಲೆ. ಬರುವವರಲ್ಲಿ ಹೆಚ್ಚಿನವರು ಭರತನಾಟ್ಯದ ಜೂನಿಯರ್ ಪರೀಕ್ಷೆ ಮುಗಿಸಿದವರು. ಆದ್ದರಿಂದ ಪಿರೊಯೆಟ್ ಅಂದರೇನು ಅಂತ ಹೇಳಿಕೊಡುವುದು ಸುಲಭ. ಅಭಿನಯ ದರ್ಪಣ ಅನ್ನುವ ಹಳೇ ನೃತ್ಯಗ್ರಂಥದಲ್ಲಿ ಹೇಳಿರುವ ಏಳು ಭ್ರಮರಿಗಳಲ್ಲಿ, ಅಂದರೆ ಸುತ್ತುಗಳಲ್ಲಿ, ಏಕಪಾದ ಭ್ರಮರಿ ಅಂತ ಒಂದಿದೆಯಲ್ಲ, ಅದರ ದೂರದ ನೆಂಟ ಇದು. ನಿಂತ ಕಾಲಿನ ಹಿಮ್ಮಡಿ ಎತ್ತಿ ಅರ್ಧ ತುದಿಗಾಲಿನ ಮೇಲೆ ಏಳಬೇಕು, ಇನ್ನೊಂದು ಕಾಲನ್ನು ಮಡಚಿ ಅದರ ಬೆರಳನ್ನು ನಿಂತ ಕಾಲಿನ ಮಂಡಿಗೆ ತಾಗಿಸಬೇಕು, ಆ ಭಂಗಿ ಕೆಡದ ಹಾಗೆ ಸುತ್ತಿ ಬಂದು ನಿಲ್ಲಬೇಕು. ಹೇಳುವುದಕ್ಕೆ ಇಷ್ಟೇ.

ಹುಡುಗಿಗಿಂತ ಮುಂಚೆ ನೆಲ

ನಮ್ಮ ಹಾಲ್‌ನದು ಹಳೇ ರೆಡ್ ಆಕ್ಸೈಡ್ ನೆಲ. ನೋಡಲು ಚೆಂದ, ಕಾಲಿಗೆ ತಂಪು, ಆದರೆ ದಿನಕ್ಕೊಂದು ಬುದ್ಧಿ. ಬೆಳಿಗ್ಗೆ ಫಿನಾಯಿಲ್ ಹಾಕಿ ಒರೆಸಿದ್ದರೆ ಸಂಜೆಯ ತನಕ ಒಂದು ತೆಳು ಪೊರೆ ಉಳಿದಿರುತ್ತದೆ. ತಳ್ಳುವ ಕಾಲು ಜಾರುತ್ತದೆ, ಸುತ್ತು ಹುಟ್ಟುವುದೇ ಇಲ್ಲ. ಸೆಕೆಗಾಲದಲ್ಲಿ ಬರಿಗಾಲಿನ ಬೆವರು ಇದಕ್ಕೆ ತದ್ವಿರುದ್ಧ. ಅಂಗಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೇಲಿನ ಮೈ ತಿರುಗಿಬಿಡುತ್ತದೆ, ನಡುವೆ ಸಿಕ್ಕಿಹಾಕಿಕೊಳ್ಳುವುದು ಮಂಡಿ. ಜಾರಿದರೆ ಹೆಚ್ಚೆಂದರೆ ಕುಂಡಿಗೆ ಪೆಟ್ಟು, ಕಚ್ಚಿಕೊಂಡರೆ ಮಂಡಿಯ ಕೀಲಿಗೇ ಸಂಚಕಾರ. ಹಾಗಾಗಿ ನನಗೆ ಎರಡನೆಯದರ ಭಯ ಜಾಸ್ತಿ.

ಪರೀಕ್ಷೆ ಸುಲಭ. ಒಬ್ಬಳನ್ನೇ ಬರಿಗಾಲು, ಕಾಲುಚೀಲ, ಕ್ಯಾನ್ವಾಸ್ ಬ್ಯಾಲೆ ಶೂ ಹೀಗೆ ಮೂರರಲ್ಲೂ ಮೂರು ಮೂರು ಸಲ ಸುತ್ತಿಸಿ. ಮೂರರಲ್ಲೂ ಒಂದೇ ರೀತಿ ಕೆಟ್ಟರೆ ನೆಲದ ಮೇಲೆ ಗೂಬೆ ಕೂರಿಸಬೇಡಿ. ಪಿಟೀಲಿನವರು ಕಮಾನಿಗೆ ಉಜ್ಜುವ ರೋಸಿನ್ ಪುಡಿಯನ್ನು ಬ್ಯಾಲೆಯವರು ಶೂ ತಳಕ್ಕೆ ಹಚ್ಚುತ್ತಾರೆ. ಚಿಟಿಕೆ ಸಾಕು. ಒಬ್ಬ ಹುಡುಗ ಪಿಟೀಲು ಕಲಿಯುವ ಅಕ್ಕನ ಡಬ್ಬಿಯಿಂದ ಅರ್ಧ ಬಿಲ್ಲೆ ಪುಡಿಮಾಡಿ ತಂದಿದ್ದ. ಅವತ್ತು ಇಡೀ ಕ್ಲಾಸ್ ನೆಲಕ್ಕೆ ಅಂಟಿಕೊಂಡಿತ್ತು, ಮನೆಯಲ್ಲಿ ಅಕ್ಕನ ಜಗಳ ಬೇರೆ.

ಗೋಡೆಯೋ, ಮಗ್ಗುಲೋ, ಚೆಲ್ಲಾಪಿಲ್ಲಿಯೋ

ಈಗ ಗೆರೆಗಳಿಗೆ ಬರೋಣ. ಹತ್ತು ಗೆರೆ ಎಳೆದ ಮೇಲೆ ಮೂರರಲ್ಲಿ ಒಂದು ಚಿತ್ರ ಮೂಡುತ್ತದೆ. ಎಷ್ಟು ಸುತ್ತಿದರೂ, ಮುಖ ಎತ್ತ ಇದ್ದರೂ, ಬೀಳುವುದು ಹಾಲ್‌ನ ಒಂದೇ ಗೋಡೆಯ ಕಡೆಗೆ ಅನ್ನುವುದು ಒಂದು. ಗೋಡೆ ಬದಲಾಗುತ್ತಿರುತ್ತದೆ, ಆದರೆ ಬೀಳುವುದು ಯಾವಾಗಲೂ ಮೈಯ ಒಂದೇ ಮಗ್ಗುಲಿಗೆ, ಉದಾಹರಣೆಗೆ ಎತ್ತಿದ ಮಂಡಿಯ ಕಡೆಗೆ, ಅನ್ನುವುದು ಇನ್ನೊಂದು. ಗೋಡೆಗೂ ಮಗ್ಗುಲಿಗೂ ಲೆಕ್ಕವೇ ಸಿಗದೆ ಗೆರೆಗಳು ರಂಗೋಲಿ ಚೆಲ್ಲಿದ ಹಾಗೆ ಬಿದ್ದಿರುವುದು ಮೂರನೆಯದು.

ಇದರ ಹಿಂದಿನ ತರ್ಕ ಗಟ್ಟಿಯಾದದ್ದು. ಸುತ್ತು ಶುರುವಾಗುವ ಕ್ಷಣದಲ್ಲೇ ಮೈ ಒಂದು ಕಡೆಗೆ ವಾಲಿದ್ದರೆ ಆ ವಾಲು ಕೋಣೆಗೆ ಸೇರಿದ್ದು. ಹುಡುಗಿ ತಿರುಗಿದರೂ ವಾಲು ತಿರುಗುವುದಿಲ್ಲ, ಅದೇ ಗೋಡೆಯ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಭಂಗಿಯೇ ಸೊಟ್ಟಗಿದ್ದರೆ ಆ ಸೊಟ್ಟು ಮೈಗೆ ಸೇರಿದ್ದು, ಮೈಯೊಂದಿಗೇ ಸುತ್ತುತ್ತದೆ. ಮೊದಲನೆಯದಕ್ಕೆ ತಯಾರಿ ನೋಡಬೇಕು, ಎರಡನೆಯದಕ್ಕೆ ಭಂಗಿ, ಮೂರನೆಯದಕ್ಕೆ ತಲೆ.

ಅದೇ ಗೋಡೆ ಆದರೆ

ನಮ್ಮಲ್ಲಿ ಅತಿ ಹೆಚ್ಚು ಕಾಣುವುದು ಇದೇ, ಅದರಲ್ಲೂ ಬೆನ್ನ ಹಿಂದಿನ ಗೋಡೆ. ಕಾರಣ ಹುಡುಕುವ ಮುಂಚೆ ಒಂದು ಸಣ್ಣ ಲೆಕ್ಕ.

ದಸರಾ ದಿನ ಜಂಬೂಸವಾರಿಗೆ ಮುಂಚೆ ಅರಮನೆಯ ಬಲರಾಮ ದ್ವಾರದಲ್ಲಿ ನಂದಿಧ್ವಜಕ್ಕೆ ಪೂಜೆ ಆಗುತ್ತದಲ್ಲ, ಆ ಕಂಬ ಹೊತ್ತವರನ್ನು ಗಮನಿಸಿದ್ದೀರಾ? ಅಷ್ಟುದ್ದದ ಕಂಬ ವಾಲುವುದು ನಿಧಾನ. ಹೊತ್ತವನಿಗೆ ಹೆಜ್ಜೆ ಸರಿಸಿ ಬುಡವನ್ನು ಮತ್ತೆ ತುದಿಯ ಕೆಳಗೆ ತರುವುದಕ್ಕೆ ಪುರಸೊತ್ತು ಸಿಗುತ್ತದೆ. ಅದೇ ಪೆನ್ಸಿಲ್ಲನ್ನು ಬೆರಳ ಮೇಲೆ ನಿಲ್ಲಿಸಿ ನೋಡಿ, ಕಣ್ಣು ಮಿಟುಕಿಸುವುದರೊಳಗೆ ನೆಲ ಸೇರಿರುತ್ತದೆ. ತುದಿಗಾಲಿನ ಮೇಲೆ ನಿಂತ ಮನುಷ್ಯ ಇವೆರಡರ ನಡುವಿನವನು. ಸರಿಪಡಿಸಿಕೊಳ್ಳದೆ ಬಿಟ್ಟರೆ 1 ಡಿಗ್ರಿಯ ವಾಲು ಒಂದು ಸೆಕೆಂಡಿನಲ್ಲಿ ಹೆಚ್ಚುಕಡಿಮೆ 7-8 ಡಿಗ್ರಿ ಆಗುತ್ತದೆ. 1 ಡಿಗ್ರಿ ಅಂದರೆ ಸೊಂಟದ ಎತ್ತರದಲ್ಲಿ ಒಂದೂವರೆ ಸೆಂಟಿಮೀಟರ್, ಕನ್ನಡಿಯಲ್ಲಿ ಕಾಣುವುದೂ ಇಲ್ಲ. ಅಂದರೆ ಎರಡನೇ ಸುತ್ತಿನಲ್ಲಿ ಕಣ್ಣಿಗೆ ರಾಚುವ ತಪ್ಪು, ಹಿಮ್ಮಡಿ ನೆಲ ಬಿಟ್ಟಾಗಲೇ ಆಗಿಹೋಗಿದ್ದು. ನಂದಿಧ್ವಜದವನ ಹಾಗೆ ಬುಡ ಸರಿಸುವ ಅವಕಾಶವೂ ಇಲ್ಲ, ಸರಿಸಿದರೆ ಅದು ಪಿರೊಯೆಟ್ ಅಲ್ಲ, ಕುಂಟಾಬಿಲ್ಲೆ. ಇನ್ನೊಂದು ಮಾತು: ಕಂಬ ಗಿಡ್ಡವಾದಷ್ಟೂ ಬೇಗ ಬೀಳುತ್ತದೆ. ಎಂಟು ವರ್ಷದ ಪುಟಾಣಿಗೆ ನನಗಿಂತ ಕಡಿಮೆ ಸಮಯ ಇರುತ್ತದೆ. ಪುಟ್ಟ ಮಕ್ಕಳಿಗೆ ಎರಡು ಸುತ್ತು ಹೇರುವ ತಾಯಂದಿರು ಇದನ್ನೊಮ್ಮೆ ಯೋಚಿಸಲಿ.

ಈಗ ತಯಾರಿ. ಹೊರಗಡೆಗೆ ತಿರುಗುವ ಸಾಮಾನ್ಯ ಪಿರೊಯೆಟ್‌ಗೆ ನಾಲ್ಕನೇ ಸ್ಥಾನದಿಂದ ಹೊರಡುತ್ತೇವೆ. ಒಂದು ಪಾದ ಮುಂದೆ, ಇನ್ನೊಂದು ಸುಮಾರು ಒಂದು ಪಾದದಷ್ಟು ಹಿಂದೆ, ಮಂಡಿ ಬಗ್ಗಿಸಿ ಪ್ಲಿಯೇ. ಆಗ ಮೈಭಾರ ಎರಡೂ ಪಾದಗಳ ನಡುವೆ ಎಲ್ಲೋ ಇರುತ್ತದೆ. ಏಳುವಾಗ ಅದು ಮುಂದಿನ ಪಾದದ ಮೇಲಕ್ಕೆ ಪೂರ್ತಿ ಬಂದು ಕೂರಬೇಕು. ನಮ್ಮ ಭರತನಾಟ್ಯದ ಮಕ್ಕಳು ಎಡವುವುದು ಇಲ್ಲೇ. ವರ್ಷಗಟ್ಟಲೆ ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಗ್ಗಿಸಿದ ಅರ್ಧ ಕೂತ ಭಂಗಿಯಲ್ಲಿ, ಕೂತು, ಪಾದ ಪೂರ್ತಿ ಊರಿ ತಟ್ಟಿ ತಟ್ಟಿ, ಭಾರವನ್ನು ಹಿಮ್ಮಡಿಯ ಕಡೆಗೆ ಇಟ್ಟುಕೊಳ್ಳುವುದು ರೂಢಿ ಆಗಿರುತ್ತದೆ. ನನಗೂ ಆಗಿತ್ತು, ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಏಳುವಾಗ ಸೊಂಟ ಅರ್ಧ ದಾರಿಯಲ್ಲೇ ಉಳಿಯುತ್ತದೆ, ಎದೆ ಮುಂದೆ ಹೋಗುತ್ತದೆ. ನೋಡುವವರಿಗೆ ನೇರ ನಿಂತ ಹಾಗೇ ಕಾಣುತ್ತದೆ.

ಪರೀಕ್ಷೆ: ಸುತ್ತು ಬೇಡ. ನಾಲ್ಕನೇ ಸ್ಥಾನದಿಂದ ಬರೀ ಏಳು, ನಿಲ್ಲು, ನಾಲ್ಕು ಎಣಿಸು, ಇಳಿ. ಸುತ್ತದೆಯೇ ಹಿಂದಿನ ಗೋಡೆಗೆ ಬಿದ್ದರೆ ತಿರುಗುವುದಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ. ನಾಲ್ಕು ಎಣಿಸುವ ತನಕ ನಿಲ್ಲಲು ಆಗದವರನ್ನು ನಾನು ಸುತ್ತಿಸುವುದೇ ಇಲ್ಲ, ಯಾರು ಎಷ್ಟು ಮುನಿಸಿಕೊಂಡರೂ ಸರಿ. ನಿಲ್ಲುತ್ತಾರೆ ಆದರೆ ಸುತ್ತಿದಾಗ ಮಾತ್ರ ಬೀಳುತ್ತಾರೆ ಅಂದರೆ ಕೈ ನೋಡಿ. ವೇಗ ಬೇಕು ಅಂತ ಹೊರಡುವ ಮುಂಚೆ ಭುಜವನ್ನು ಎದುರು ದಿಕ್ಕಿಗೆ ತಿರುಚಿ, ಆಮೇಲೆ ಕಳೆ ಕೊಚ್ಚುವವರ ಹಾಗೆ ಕೈ ಬೀಸುತ್ತಾರೆ. ಬೀಸಿದ ಕೈ ಮೈಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಇದನ್ನು ಹಿಡಿಯಲು ಮೊಬೈಲ್ ಸಾಕು, ಆದರೆ ಸ್ಲೋ ಮೋಷನ್ ಹಾಕಿ. ಸೆಕೆಂಡಿಗೆ ಎರಡು ಸುತ್ತು ಸುತ್ತುವವಳನ್ನು ಮಾಮೂಲಿಯಾಗಿ ಸೆಕೆಂಡಿಗೆ 30 ಫ್ರೇಮಿನಲ್ಲಿ ಹಿಡಿದರೆ ಒಂದು ಫ್ರೇಮಿಗೂ ಮುಂದಿನದಕ್ಕೂ 24 ಡಿಗ್ರಿ ತಿರುಗಿಬಿಟ್ಟಿರುತ್ತಾಳೆ. 240ರಲ್ಲಿ ಅದು 3 ಡಿಗ್ರಿ. ಫೋನನ್ನು ಸೊಂಟದ ಎತ್ತರದಲ್ಲಿ, ಪಕ್ಕದಿಂದ ಇಡಿ. ನೋಡಬೇಕಾದ್ದು ಒಂದೇ ಫ್ರೇಮು: ಹಿಂದಿನ ಪಾದ ನೆಲ ಬಿಟ್ಟದ್ದು. ಆ ಫ್ರೇಮಿನಲ್ಲಿ ಸೊಂಟ ಮುಂದಿನ ಪಾದದ ಮೇಲೆ ಇದೆಯೋ ಇಲ್ಲವೋ. ಉಳಿದ ವಿಡಿಯೋ ವಾಟ್ಸಾಪ್ ಸ್ಟೇಟಸ್‌ಗೆ ಇಟ್ಟುಕೊಳ್ಳಿ.

ಅದೇ ಮಗ್ಗುಲು ಆದರೆ

ನಿಂತ ಕಾಲಿನ ಕಿರುಬೆರಳ ಕಡೆಗೆ ಬೀಳುತ್ತಿದ್ದರೆ ಹರಡು, ಅಂದರೆ ಪಾದದ ಮೇಲಿನ ಕೀಲು, ಹೊರಗೆ ವಾಲುತ್ತಿದೆ. ಭಾರ ಹೆಬ್ಬೆರಳು ಮತ್ತು ಎರಡನೇ ಬೆರಳಿನ ಬುಡದ ನಡುವೆ ಕೂರಬೇಕು. ಹಿಂದೆ ಯಾವಾಗಲಾದರೂ ಕಾಲು ಉಳುಕಿತ್ತಾ ಅಂತ ಕೇಳಿ. ಉಳುಕಿದ ಹರಡು ನೋವು ಹೋದ ಮೇಲೂ ಎಷ್ಟೋ ದಿನ ತಾನು ಎಲ್ಲಿದ್ದೇನೆ ಅನ್ನುವುದನ್ನು ಮೆದುಳಿಗೆ ಸರಿಯಾಗಿ ತಿಳಿಸುವುದಿಲ್ಲ. ಎತ್ತಿದ ಮಂಡಿಯ ಕಡೆಗೆ ಬೀಳುತ್ತಿದ್ದರೆ ಸೊಂಟ ನೋಡಿ. ಕನ್ನಡಿ ಮುಂದೆ ಒಂಟಿಕಾಲಲ್ಲಿ ನಿಲ್ಲಿಸಿ ಎರಡೂ ಸೊಂಟದ ಮೂಳೆಯ ಮೇಲೆ ಬೆರಳಿಡಿಸಿ. ಎತ್ತಿದ ಕಡೆಯ ಬೆರಳು ಕೆಳಗೆ ಇಳಿದರೆ ನಿಂತ ಕಾಲಿನ ಪಕ್ಕೆಯ ಸ್ನಾಯು ದುರ್ಬಲ. ಪಕ್ಕಕ್ಕೆ ಮಲಗಿ ಕಾಲು ಎತ್ತುವ ಬೇಜಾರಿನ ವ್ಯಾಯಾಮ ಬಿಟ್ಟರೆ ಇದಕ್ಕೆ ಮದ್ದಿಲ್ಲ.

ಪಾದವನ್ನು ಹೊರಕ್ಕೆ ತಿರುಗಿಸುವ ಟರ್ನ್‌ಔಟ್ ತೊಡೆಯ ಬುಡದಿಂದ ಬರಬೇಕು. ಪಾದ ಪೂರ್ವಕ್ಕೂ ಮಂಡಿಚಿಪ್ಪು ಈಶಾನ್ಯಕ್ಕೂ ಮುಖ ಮಾಡಿದ್ದರೆ ಸುತ್ತುವುದು ಹಾಗಿರಲಿ, ಇಳಿಯುವಾಗಲೂ ಮಂಡಿ ತಿರುಚುತ್ತದೆ.

ಹನ್ನೆರಡು ಹದಿಮೂರರ ಮಕ್ಕಳು ಇದ್ದಕ್ಕಿದ್ದ ಹಾಗೆ ಸುತ್ತು ಕಳೆದುಕೊಂಡರೆ ಬಾಗಿಲ ಚೌಕಟ್ಟಿನಲ್ಲಿ ಎತ್ತರ ಗುರುತು ಹಾಕಿ ನೋಡಿ. ಬೇಸಿಗೆ ರಜೆಯಲ್ಲಿ ಕಾಲು ಉದ್ದ ಆಗಿರುತ್ತದೆ, ಮೆದುಳಿನ ಲೆಕ್ಕ ಹಳೇ ಕಾಲಿನದೇ. ಬೈಯದೆ ಕೆಲವು ತಿಂಗಳು ಕಾಯಿರಿ.

ಬೀಳುವುದಿಲ್ಲ, ಮುಕ್ಕಾಲಿಗೇ ನಿಲ್ಲುತ್ತದೆ

ಇದು ಬೇರೆ ಕಾಯಿಲೆ. ಬುಗುರಿ ಆಡಿದವರಿಗೆ ಬೇಗ ಅರ್ಥವಾಗುತ್ತದೆ: ದಾರ ಸುತ್ತಿ ಎಳೆಯುವಾಗ ಕೊಟ್ಟದ್ದಷ್ಟೇ, ದಾರ ಬಿಟ್ಟ ಮೇಲೆ ಬುಗುರಿಗೆ ಹೊಸ ವೇಗ ಎಲ್ಲಿಂದಲೂ ಬರಲ್ಲ. ಇಲ್ಲಿ ದಾರದ ಕೆಲಸ ಮಾಡುವುದು ಎರಡು ಪಾದಗಳು. ಮುಂದಿನದು ಒಂದು ಕಡೆಗೆ, ಹಿಂದಿನದು ಅದರ ಎದುರು ಕಡೆಗೆ ನೆಲವನ್ನು ತಳ್ಳುತ್ತವೆ. ನಲ್ಲಿಯ ಹಿಡಿ ತಿರುಗಿಸುವಾಗ ಎರಡು ಬೆರಳು ಮಾಡುವ ಕೆಲಸ. ಪಾದಗಳ ನಡುವೆ ಅಂತರ ತೀರಾ ಕಡಿಮೆ ಇದ್ದರೆ, ಅಥವಾ ಹಿಂದಿನ ಪಾದ ಆತುರದಲ್ಲಿ ಬೇಗ ಎದ್ದರೆ, ದಾರ ಅರ್ಧ ಎಳೆದ ಬುಗುರಿ. ಮಧ್ಯದಲ್ಲಿ ಭುಜ ಅಲ್ಲಾಡಿಸಿ ವೇಗ ತರಲು ನೋಡುವವರು ಬರೀ ಆಯ ಕೆಡಿಸಿಕೊಳ್ಳುತ್ತಾರೆ.

ತಳ್ಳುವುದು ಸರಿ ಇದ್ದರೆ ಕೈ. ಹೊರಟ ಮೇಲೆ ಕೈಗಳನ್ನು ಎದೆಯ ಮುಂದೆ ಹತ್ತಿರ ತಂದಷ್ಟೂ ಸುತ್ತು ಚುರುಕು, ಬಿಚ್ಚಿದಷ್ಟೂ ನಿಧಾನ. ನಂಬದ ಮಕ್ಕಳನ್ನು ಕೆಳಗಿನ ಝೆರಾಕ್ಸ್ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಗೆ ಒಂದೊಂದು ಲೀಟರಿನ ನೀರಿನ ಬಾಟಲಿ ಕೊಟ್ಟು ತಿರುಗಿಸುತ್ತೇನೆ. ಕೈ ಚಾಚು, ಎದೆಗೆ ತಾ. ಒಂದೇ ಸಲಕ್ಕೆ ಅರ್ಥವಾಗುತ್ತದೆ. ಅಂಗಡಿಯವರಿಗೂ ಅದೊಂದು ಮನರಂಜನೆ.

"ಹಾಗಾದ್ರೆ 32 ಸುತ್ತು ಹೇಗೆ ಸುತ್ತುತ್ತಾರೆ ಮಿಸ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯ ನರ್ತಕಿ 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಸಾಲಾಗಿ ಸುತ್ತಿ ತೋರಿಸಿದ ಆ 32 ಸುತ್ತುಗಳು ಫುಎತೆಗಳು. ಅದರಲ್ಲಿ ಪ್ರತಿ ಸುತ್ತಿಗೂ ನಿಂತ ಕಾಲಿನ ಹಿಮ್ಮಡಿ ಒಮ್ಮೆ ಕೆಳಗಿಳಿದು ನೆಲವನ್ನು ಮತ್ತೆ ತಳ್ಳುತ್ತದೆ, ಎತ್ತಿದ ಕಾಲು ಚಾಚಿ ಮಡಚಿ ಆ ತಿರುಗುವ ಬಲವನ್ನು ಮೈಗೆ ದಾಟಿಸುತ್ತದೆ. ಅಂದರೆ ಸುತ್ತಿಗೊಂದು ಸಲ ಹೊಸ ದಾರ.

ಚೆಲ್ಲಾಪಿಲ್ಲಿ ಆದರೆ

ಮಂಡ್ಯದಿಂದ ಒಬ್ಬಳು ಬರುತ್ತಾಳೆ, ಹದಿಮೂರು ವರ್ಷ, ಪ್ಯಾಸೆಂಜರ್ ರೈಲಿನಲ್ಲಿ ಅಜ್ಜಿಯ ಜೊತೆ. ಅಜ್ಜಿ ಬಾಗಿಲ ಹತ್ತಿರ ಗೋಡೆಗೊರಗಿ ಕೂತು ಹೂ ಕಟ್ಟುತ್ತಾ ಇಡೀ ಕ್ಲಾಸ್ ನೋಡುತ್ತಾರೆ. ಹುಡುಗಿ ನಿಲ್ಲುವುದು ಚೆನ್ನಾಗಿ, ಏಳುವುದು ಚೆನ್ನಾಗಿ, ಸುತ್ತಿದರೆ ಮಾತ್ರ ಗೆರೆಗಳು ಹತ್ತು ದಿಕ್ಕಿಗೆ. ನಾನು ಹರಡಿನ ಮೇಲೆ ಅನುಮಾನಪಟ್ಟು ಎರಡು ವಾರ ಹಿಮ್ಮಡಿ ಎತ್ತಿಸಿ ಎತ್ತಿಸಿ ಅವಳ ಮೀನಖಂಡ ಗಟ್ಟಿ ಮಾಡಿದೆ. ಗೆರೆ ಹಾಗೇ.

ತಲೆಯ ಕೆಲಸ ಏನು ಅಂತ ಇಲ್ಲಿ ಹೇಳಬೇಕು. ಸುತ್ತುವಾಗ ಎದುರು ಗೋಡೆಯ ಒಂದು ಗುರುತಿನ ಮೇಲೆ ಕಣ್ಣಿಡುತ್ತೇವೆ. ಮೈ ತಿರುಗುತ್ತದೆ, ಮುಖ ಅಲ್ಲೇ ಉಳಿಯುತ್ತದೆ. ಕತ್ತು ಇನ್ನು ಆಗಲ್ಲ ಅನ್ನುವಾಗ ತಲೆ ಸರ್ರನೆ ತಿರುಗಿ ಮೈಗಿಂತ ಮುಂಚೆ ಅದೇ ಗುರುತಿಗೆ ಬಂದು ನಿಲ್ಲುತ್ತದೆ. ಇದೇ ಸ್ಪಾಟಿಂಗ್. ಅಷ್ಟಾಂಗ ಯೋಗದವರು ದೃಷ್ಟಿ ಅನ್ನುತ್ತಾರಲ್ಲ, ಅದಕ್ಕೆ ಚಕ್ರ ಕಟ್ಟಿದ ಹಾಗೆ. ಕ್ಲಾಸಿನಲ್ಲಿ ನಮ್ಮ ಗುರುತು ಗೋಡೆ ಗಡಿಯಾರ.

ಮೂರನೇ ವಾರ ಅಜ್ಜಿ ಹೂ ಕೆಳಗಿಟ್ಟು ಕೇಳಿದರು: "ಮೇಡಮ್ಮೋರೆ, ಒಂದ್ ಮಾತ್ ಕೇಳ್ಲಾ? ಗಡಿಯಾರ ನೋಡು ಗಡಿಯಾರ ನೋಡು ಅಂತೀರಲ್ಲ, ಕನ್ನಡ್ಕ ಇಲ್ದಿದ್ರೆ ಅವ್ಳ್ಗೆ ಗಡಿಯಾರ ಇರ್ಲಿ, ಗೋಡೆನೇ ನೆಟ್ಗೆ ಕಾಣಾಕಿಲ್ಲ ಕಣ್ರವ್ವ."

"ಸುತ್ತುವಾಗ ಹಾರಿಹೋಗುತ್ತೆ ಮಿಸ್, ಅದಕ್ಕೆ ಬ್ಯಾಗಲ್ಲಿ ಇಟ್ಬಿಡ್ತೀನಿ" ಅಂದಳು ಹುಡುಗಿ. ಮೈನಸ್ 4. ಅಂದರೆ ಕನ್ನಡಕ ಇಲ್ಲದೆ 25 ಸೆಂಟಿಮೀಟರ್ ಆಚೆಗಿನದೆಲ್ಲ ಮಸುಕು. ಅವಳು ಅಷ್ಟು ದಿನ ಸುತ್ತಿದ್ದು ಮಂಜಿನೊಳಗೆ.

ನೀರಿನ ಡ್ರಮ್ಮಿನ ಕೆಂಪು ಮುಚ್ಚಳವೊಂದನ್ನು ಬಿಳಿ ಗೋಡೆಗೆ ಅವಳ ಕಣ್ಣಿನ ಎತ್ತರಕ್ಕೆ ನೇತುಹಾಕಿದೆವು. ಮರುವಾರ ಅವಳಪ್ಪ ಕನ್ನಡಕಕ್ಕೆ ತಲೆಯ ಹಿಂದಿನಿಂದ ಬಿಗಿಯುವ ಎಲಾಸ್ಟಿಕ್ ಪಟ್ಟಿ ಕೊಡಿಸಿದರು. ಮುಚ್ಚಳ ಹಾಕಿದ ಸಂಜೆಯೇ ಹತ್ತು ಗೆರೆ ಎಳೆದು ನೋಡಿದರೆ ಎಂಟು ಗೆರೆ ಹಿಂದಿನ ಗೋಡೆಯ ಕಡೆಗೆ! ಅರಮಂಡಿಯ ಭಾರ ಅವಳಲ್ಲೂ ಇತ್ತು, ಮಸುಕಿನಲ್ಲಿ ಅಡಗಿ ಕೂತಿತ್ತು. ಇಷ್ಟು ಖುಷಿಯಿಂದ ಯಾರ ತಪ್ಪನ್ನೂ ನಾನು ಎಣಿಸಿದ್ದಿಲ್ಲ. ಹಾಗಾಗಿ ಈಗ ಗೆರೆ ಚೆಲ್ಲಾಪಿಲ್ಲಿ ಇದ್ದರೆ ಹರಡು, ಸೊಂಟ ಯಾವುದನ್ನೂ ಮುಟ್ಟದೆ ಮೊದಲು ಕಣ್ಣು, ಗುರುತು, ಕತ್ತು ಈ ಮೂರನ್ನು ನೋಡುತ್ತೇನೆ. ಗುರುತು ಕಿಟಕಿಯಲ್ಲಿ ಬೇಡ, ಸಂಜೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಕನ್ನಡಿಯಲ್ಲಿ ತಮ್ಮ ಮುಖವನ್ನೇ ಗುರುತು ಮಾಡಿಕೊಳ್ಳುವುದೂ ಬೇಡ, ಗುರುತೇ ಅಲ್ಲಾಡುತ್ತಿರುತ್ತದೆ.

ತಲೆ ಸುತ್ತುವುದರ ಬಗ್ಗೆ. ಒಳಗಿವಿಯಲ್ಲಿ ಕಡೆಗೆ ಮೂರರಂತೆ ಅರ್ಧವೃತ್ತದ ಸಣ್ಣ ನಾಳಗಳಿವೆ, ಒಳಗೆ ದ್ರವ. ಸುತ್ತಿ ನಿಂತ ಮೇಲೂ ದ್ರವ ತಿರುಗುತ್ತಲೇ ಇರುತ್ತದೆ, ಬಿಂದಿಗೆ ತಿರುಗಿಸಿ ನಿಲ್ಲಿಸಿದರೆ ಒಳಗಿನ ನೀರು ತಿರುಗುವ ಹಾಗೆ. ಕಣ್ಣು ನಿಂತಿದ್ದೇವೆ ಅನ್ನುತ್ತದೆ, ಕಿವಿ ಇನ್ನೂ ಸುತ್ತುತ್ತಿದ್ದೇವೆ ಅನ್ನುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ 29 ಬ್ಯಾಲೆ ನರ್ತಕಿಯರನ್ನೂ 20 ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳನ್ನೂ ಕತ್ತಲೆ ಕೋಣೆಯ ಕುರ್ಚಿಯಲ್ಲಿ ಕೂರಿಸಿ ತಿರುಗಿಸಿ ನೋಡಿದ್ದರು. ನಿಂತ ಮೇಲೆ ಇನ್ನೂ ಸುತ್ತುತ್ತಿದ್ದೇವೆ ಅನ್ನುವ ಭಾವನೆ ನರ್ತಕಿಯರಲ್ಲಿ ಬೇಗ ಇಳಿಯಿತು. ಒಳಗಿವಿಯ ಸಂದೇಶ ತಲುಪುವ ಕಿರುಮೆದುಳಿನ ಭಾಗವೊಂದು ಅವರಲ್ಲಿ ಚಿಕ್ಕದಾಗಿತ್ತು. ಕತ್ತಲಲ್ಲಿ ಗುರುತಿಗೆ ಕಣ್ಣಿಡುವ ಮಾತೇ ಇಲ್ಲವಲ್ಲ, ಅಂದರೆ ವರ್ಷಗಳ ಅಭ್ಯಾಸ ಮೆದುಳಿನೊಳಗೇ ಕೂತಿದೆ. ಹೊಸಬರಿಗೆ ಒಂದೇ ದಿನ ಮೂವತ್ತು ಸುತ್ತು ಹಾಕಿಸಿ ವಾಂತಿ ಮಾಡಿಸುವುದಕ್ಕಿಂತ ದಿನಕ್ಕೆ ಐದಾರರಂತೆ ತಿಂಗಳುಗಟ್ಟಲೆ ಮಾಡಿಸುವುದು ಮೇಲು.

ನಮ್ಮ ಕೈಯಲ್ಲಿ ಇಲ್ಲದ್ದು

ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದರೆ ತಲೆ ಸುತ್ತುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಒಂದು ಕಿವಿ ಮಂದ ಅಂದರೆ ಅದು ಡ್ಯಾನ್ಸ್ ಟೀಚರ ವಿಷಯವಲ್ಲ. ಮೈಸೂರಿನವರ ಪುಣ್ಯ, ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿಯ ಜೊತೆ ಆಯದ ಪರೀಕ್ಷೆಯನ್ನೂ ಮಾಡುತ್ತಾರೆ. ಮಂಡಿ ಊದಿದರೆ, ಸುತ್ತುವಾಗ 'ಟಕ್' ಅಂದರೆ, ಹಿಮ್ಮಡಿಯ ಹಿಂದಿನ ನರ ಬೆಳಿಗ್ಗೆ ಬಿಗಿದಿದ್ದರೆ ಅವತ್ತು ಸುತ್ತು ಬಂದ್, ಮೂಳೆ ಡಾಕ್ಟರ ಹತ್ತಿರ ಹೋಗಿ ಬರಲಿ.

ಮಂಡ್ಯದ ಹುಡುಗಿ ಕಳೆದ ವಾರ ಬಲಕ್ಕೆ ಎರಡು ಸುತ್ತು ಸುತ್ತಿ ನಿಂತಳು, ಅಜ್ಜಿ ಹೂವಿನ ಮೊಳ ಅಳೆಯುವುದು ಬಿಟ್ಟು ಚಪ್ಪಾಳೆ ತಟ್ಟಿದರು. ಎಡಕ್ಕೆ ಇನ್ನೂ ಗೆರೆಗಳು ಚೆದುರಿವೆ. ಮಂಗಳವಾರ ಅವಳ ಕತ್ತು ಎಡಕ್ಕೆ ಎಷ್ಟು ತಿರುಗುತ್ತದೆ ನೋಡಬೇಕು, ಸ್ಕೂಲ್ ಬ್ಯಾಗ್ ಯಾವ ಹೆಗಲಿಗೆ ಹಾಕಿಕೊಳ್ಳುತ್ತಾಳೆ ಅಂತಲೂ ಕೇಳಬೇಕು. ಸೀಮೆಸುಣ್ಣ ಮುಗಿದಿದೆ, ಅದನ್ನೂ ತರಬೇಕು.